ಕಾಲೇ ಬ್ರೇಕಾಗಿದ್ದ ಸೈಕಲ್ಲು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದಿದ್ದೇನೆ. ಕಾರವಾರದ ಬಗ್ಗೆ ಬರೆಯಿರಿ ಎಂದು ಊರಿನವರು ಕೇಳಿದಾಗೆಲ್ಲ ಸಮುದ್ರ, ಮಳೆ, ಮೀನು ಎಂದು ಏನೇನೋ ಬರೆದು ಕಳಿಸಿದೆ. ಸೈಕಲ್ಲಿನ ವಿಷಯವನ್ನು ಮಾತ್ರ ಮುಂದೆ ಹಾಕುತ್ತ ಬಂದೆ. ಈಗ ಎಪ್ಪತ್ತು ದಾಟಿದೆ. ಇನ್ನು ಮುಂದೆ ಹಾಕಲು ಜಾಗವಿಲ್ಲ.

ಆ ಸೈಕಲ್ಲನ್ನು ಮೊದಲ ಸಲ ಹತ್ತಿದ ದಿನ ಅದು ನನ್ನನ್ನು ಎತ್ತಿ ಒಗೆಯಿತು. ನಾಲ್ಕು ಮಾರು ತುಳಿದು, ಎಲ್ಲ ಕಡೆ ಮಾಡುವ ಹಾಗೆ ಕಾಲು ನಿಲ್ಲಿಸಿ ಆರಾಮಾಗಿ ಕೂತೆ. ಕಾಲು ನಿಂತಿತು, ಪೆಡಲ್ ನಿಲ್ಲಲಿಲ್ಲ. ಕೆಳಗಿನಿಂದ ಯಾರೋ ಗುದ್ದಿದ ಹಾಗೆ ಮೇಲೆ ಬಂದು ನನ್ನನ್ನು ಸೀಟಿನಿಂದ ಎಬ್ಬಿಸಿ ಹೆದ್ದಾರಿಯ ಬದಿಯ ಜಲ್ಲಿಕಲ್ಲಿನ ಮೇಲೆ ಕೆಡವಿತು. ನಾನು ಸೈಕಲ್ ಕಲಿತದ್ದು ಒಂಬತ್ತನೆಯ ವಯಸ್ಸಿಗೆ. ಐವತ್ತರ ಹತ್ತಿರ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಗದಗದ ಹತ್ತಿರ ನಾನು ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿತು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಕಾರವಾರದ ಬೈತಖೋಲ ಬಂದರಿನ ಒಂದು ಐಸ್ ಕಾರ್ಖಾನೆಗೆ ಬಂದು ಸೇರಿದೆ. ಗುಡ್ಡದ ಈಚೆ ಬಿಣಗಾದಲ್ಲಿ ವಿಠೋಬ ಎಂಬವನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ವಿಠೋಬ ಬೆಳಗಾಗುವ ಮೊದಲೇ ಗುಡ್ಡ ಹತ್ತಿಳಿದು ಬಂದರಿಗೆ ಹೋಗಿ, ಬುಟ್ಟಿ ತುಂಬ ಬಂಗಡೆ ತಂದು ಮನೆಮನೆಗೆ ಮಾರುವವನು. ನನ್ನದೇ ವಯಸ್ಸು.

ನಮ್ಮ ಕಡೆ ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಗುತ್ತದೆ. ಇಲ್ಲಿ ಸದ್ದಿಲ್ಲದೆ ಗಂಜಿ ಕುದಿಯುತ್ತದೆ. ಇವರು ಅದನ್ನು ಪೇಜ್ ಎನ್ನುತ್ತಾರೆ. ಎರಡು ತಿಂಗಳು ನನ್ನ ಹೊಟ್ಟೆ ಅದನ್ನು ಊಟವೆಂದು ಒಪ್ಪಲಿಲ್ಲ. ಮನೆಯೊಳಗೆ ಕೊಂಕಣಿ, ನಾನು ಬಂದ ಕೂಡಲೇ ಕನ್ನಡ. ನನಗಾಗಿ ಮಾತು ಬದಲಿಸಿದಾಗಲೆಲ್ಲ ನಾನು ಹೊರಗಿನವನೆಂದು ಇನ್ನಷ್ಟು ಗೊತ್ತಾಗುತ್ತಿತ್ತು. ನಮ್ಮ ಕಡೆ ಸೈಕಲ್ಲಿನ ಶತ್ರು ಧೂಳು, ಇಲ್ಲಿ ಉಪ್ಪು. ಮೀನಿನ ಬುಟ್ಟಿಯಿಂದ ಐಸಿನ ನೀರು ಹಿಂದಿನ ಚಕ್ರದ ನಡುವಿಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ತುಳಿಯುವುದು ನಿಂತರೂ ಚಕ್ರ ಓಡಲು ಬಿಡುವ ಫ್ರೀವೀಲಿನೊಳಗಿನ ಸ್ಪ್ರಿಂಗು ಆರೇ ತಿಂಗಳಲ್ಲಿ ತುಕ್ಕು ತಿಂದು ಹೋಗುತ್ತದೆ, ಮುಂದೆ ತುಳಿದರೂ ಪೆಡಲ್ ಸುಮ್ಮನೆ ತಿರುಗುತ್ತದೆ. ಪದೇ ಪದೇ ಹೊಸದು ಹಾಕಿಸಿ ಸಾಕಾಗಿ ವಿಠೋಬ ಫ್ರೀವೀಲನ್ನೇ ವೆಲ್ಡಿಂಗ್ ಮಾಡಿಸಿಬಿಟ್ಟಿದ್ದ. ಮಾಡಿಕೊಟ್ಟವನು ಅಂಕೋಲೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವನ ತಂಗಿಯ ಗಂಡ, ವಿಠೋಬನ ಬಾಯಲ್ಲಿ ‘ಭಾವ’. ಅಂದಿನಿಂದ ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ. ಈಗ ಪಟ್ಟಣದ ಹುಡುಗರು ಇಂಥದ್ದನ್ನೇ ಫಿಕ್ಸ್ಡ್ ಗೇರ್ ಎಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರಂತೆ.

ಬಿದ್ದವನನ್ನು ಎಬ್ಬಿಸಿ ವಿಠೋಬನೇ ಕಲಿಸಿದ.

“ಕಾಲ್ ನಿಲ್ಸ್ಬೇಡಿ ಮಾರಾಯ್ರೇ. ಅದು ತಿರಗ್ತಾ ಇದ್ರೆ ನೀವೂ ತಿರಗ್ಸ್ತಾ ಇರಿ. ನಿಲ್ಲೂಕೆ ಬೇಕಾದ್ರೆ ಮೆಲ್ಲಗೆ ಹಿಂದ್ ಒತ್ತಿ.”

“ಬ್ರೇಕ್ ಎಲ್ಲಿ ಐತ್ರಿ ವಿಠೋಬಣ್ಣ?”

“ಎರಡ್ ಅದೆ. ಒಂದು ಎಡಗಾಲು, ಒಂದು ಬಲಗಾಲು.”

ನಾನು ನಕ್ಕೆ. ಬ್ರೇಕಿನ ಸರಳುಗಳು ಉಪ್ಪಿಗೆ ಮುರಿದುಹೋಗಿದ್ದವು, ಅವನು ಮತ್ತೆ ಹಾಕಿಸಿರಲಿಲ್ಲ. ಅದು ಅವನ ಅಜಾಗರೂಕತೆ ಎಂದೇ ತಿಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ವಿಠೋಬ ಜ್ವರದಿಂದ ಮಲಗಿದ. ಸೈಕಲ್ ಸುಮ್ಮನೆ ಯಾಕೆ ನಿಲ್ಲಬೇಕು, ನೀವು ಕೆಲಸಕ್ಕೆ ಒಯ್ಯಿರಿ ಎಂದ. ಮೊದಲ ದಿನವೇ ಬಂದರಿನಲ್ಲಿ, ಮೀನು ಹರಾಜಿಗೆ ಕೂತಿದ್ದ ಹೆಂಗಸರ ಎದುರಿಗೆ ಬಿದ್ದೆ. ಘಟ್ಟದ ಮೇಲಿಂದ ಬಂದವರಿಗೆ ಕೆಳಗೆ ಬೀಳುವುದೇ ಕೆಲಸ ಎಂದು ಒಬ್ಬಳು ಅಂದಳು, ಉಳಿದವರೆಲ್ಲ ನಕ್ಕರು. ಊರಲ್ಲಿ ಗಿರಣಿಯ ಜಾಬರ್ ಆಗಿ ಮೂವತ್ತು ಜನರ ಮೇಲೆ ನಿಂತವನು ನಾನು. ಆ ನಗು ತಡೆಯಲಾಗಲಿಲ್ಲ. ಅದೇ ಸಂಜೆ ಕಾರವಾರದ ಒಂದು ಸೈಕಲ್ ಅಂಗಡಿಗೆ ಹೋಗಿ, ವೆಲ್ಡಿಂಗ್ ಮಾಡಿದ್ದನ್ನು ಬಿಚ್ಚಿಸಿ ಬೇರೆ ಹಳೆಯ ಫ್ರೀವೀಲ್ ಹಾಕಿಸಿದೆ. ಬಿಚ್ಚಿದ್ದನ್ನು ಕಾಗದದಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ ಇಟ್ಟೆ. ವಿಠೋಬ ಏಳುವುದಕ್ಕೆ ಇನ್ನೂ ವಾರವಿದೆ, ಭಾನುವಾರ ಮೊದಲಿನ ಹಾಗೆ ಮಾಡಿಸಿದರಾಯಿತು ಎಂದುಕೊಂಡೆ. ಕೇಳಿದ್ದರೆ ಬೇಡ ಎನ್ನುತ್ತಿದ್ದ. ಅದಕ್ಕೇ ಕೇಳಲಿಲ್ಲ.

ಮರಳುವಾಗ ಗುಡ್ಡದ ತುದಿಯಿಂದ ಇಳಿಜಾರು ಶುರುವಾಯಿತು. ಸೈಕಲ್ ಓಡತೊಡಗಿತು. ಅಭ್ಯಾಸ ಮಾಡಿಕೊಂಡಿದ್ದಂತೆ ಹಿಂದಕ್ಕೆ ಒತ್ತಿದೆ. ಪೆಡಲ್ ಗಾಳಿಯಲ್ಲಿ ತಿರುಗಿತು. ಚಪ್ಪಲಿಯನ್ನು ರಸ್ತೆಗೆ ಉಜ್ಜಿ ಉಜ್ಜಿ ಹೇಗೋ ನಿಂತೆ. ವಿಠೋಬ ತಮಾಷೆ ಮಾಡಿರಲಿಲ್ಲ, ಅವನ ಕಾಲುಗಳೇ ಆ ಸೈಕಲ್ಲಿನ ಬ್ರೇಕಾಗಿದ್ದವು, ನಾನು ಅವನ್ನೇ ಬಿಚ್ಚಿಸಿ ಟ್ರಂಕಿನಲ್ಲಿ ಇಟ್ಟಿದ್ದೆ. ಮುಂದಿನ ಎರಡು ದಿನ ಇಳಿಜಾರಿನಲ್ಲೆಲ್ಲ ಸೈಕಲ್ ತಳ್ಳಿಕೊಂಡು ನಡೆದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಅಪಾಯ ನನಗೆ ಗೊತ್ತಿತ್ತು, ಅದಕ್ಕೇ ನಡೆದೆ. ಆದರೆ ವಿಠೋಬನಿಗೆ ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ಎದ್ದು ಹೊರಗೆ ಬಂದೆ. ಜಗಲಿಯಲ್ಲಿ ಸೈಕಲ್ ಇರಲಿಲ್ಲ. ಜ್ವರ ಬಿಟ್ಟಿತೆಂದು ಆಗಲೇ ಹೋದರು ಎಂದಳು ವಿಠೋಬನ ಹೆಂಡತಿ. ನನ್ನ ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದು ರಸ್ತೆಗೆ ಓಡಿದೆ.

ಓಡುತ್ತ ಮನಸ್ಸಿನಲ್ಲೇ ಸಮಾಧಾನ ಹುಡುಕಿದೆ. ಹೊರಟ ಕೂಡಲೇ ಅವನಿಗೆ ತಿಳಿದಿರುತ್ತದೆ, ಸೈಕಲ್ ಎಲ್ಲೋ ಒರಗಿಸಿ ಬೈಯುತ್ತ ಕೂತಿರುತ್ತಾನೆ. ಆದರೆ ಹನ್ನೆರಡು ವರ್ಷ ತುಳಿಯುವುದನ್ನು ನಿಲ್ಲಿಸದ ಕಾಲು ಅದು. ಸಪಾಟು ರಸ್ತೆಯಲ್ಲಿ ತುಳಿಯುತ್ತಲೇ ಇರುತ್ತದೆ, ಏರಿನಲ್ಲಿ ಎದ್ದುನಿಂತು ತುಳಿಯುತ್ತದೆ. ಬದಲಾದದ್ದು ಅದಕ್ಕೆ ಗೊತ್ತಾಗುವುದು ಇಳಿಜಾರಿನಲ್ಲಿ ಮಾತ್ರ. ಒಂದೊಂದು ತಿರುವಿನಲ್ಲೂ ಅವನು ಕೂತಿರಲಿ ಎಂದು ಬೇಡಿಕೊಂಡೆ. ತುದಿ ಬಂತು. ಆಚೆ ಬಂದರು ಕಂಡಿತು. ಕೆಳಗೆ ಎರಡನೆಯ ತಿರುವಿನಲ್ಲಿ ಒಂದು ಲಾರಿ ನಿಂತಿತ್ತು, ಜನ ಬಗ್ಗಿ ಚರಂಡಿಯೊಳಗೆ ನೋಡುತ್ತಿದ್ದರು.

ವಿಠೋಬನಿಗೆ ಎಚ್ಚರವಿತ್ತು. ಎಡ ಮೊಣಕಾಲು ಇರಬೇಕಾದ ಕಡೆ ಇರಲಿಲ್ಲ. ನನ್ನನ್ನು ನೋಡಿ ಕೈ ಹಿಡಿದ.

“ವೆಲ್ಡಿಂಗ್ ಬಿಡ್ತು. ಭಾವ ಸಮಾ ಹಾಕ್ಲಿಲ್ಲ.”

ಹೇಳಲು ಅದಕ್ಕಿಂತ ಸರಿಯಾದ ಹೊತ್ತು ನನಗೆ ಮತ್ತೆ ಸಿಗಲಿಲ್ಲ.

“ಹೌದ್ರಿ, ಬಿಟ್ಟಂಗ ಐತಿ,” ಎಂದೆ.

ನಾಲ್ಕು ದಿನ ಬಿಟ್ಟು ಭಾವ ಹೆಂಡತಿಯನ್ನು ಕರೆದುಕೊಂಡು ಅಂಕೋಲೆಯಿಂದ ಬಂದ. ಆಸ್ಪತ್ರೆಯಲ್ಲಿ ವಿಠೋಬ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದನಂತೆ. ಭಾವ ಅಲ್ಲಿಂದ ನೇರ ಬಿಣಗಾಕ್ಕೆ ಬಂದು, ಅಂಗಳದಲ್ಲಿ ಬಿದ್ದಿದ್ದ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಫ್ರೀವೀಲನ್ನು ಚಿಂದಿಯಿಂದ ಒರೆಸಿ ಒರೆಸಿ ನೋಡಿದ. ಕಡಿಮೆ ಮಾತಿನ, ತೆಳ್ಳಗಿನ ಮನುಷ್ಯ. ಹೆಬ್ಬೆರಳನ್ನು ಸುತ್ತಲೂ ಸವರಿದ.

“ಇದು ನಂದಲ್ಲ,” ಎಂದ. “ವೆಲ್ಡಿಂಗ್ ಬಿಟ್ರೆ ಕಲೆ ಇರ್ತದೆ. ಇದ್ಕೆ ಬೆಂಕಿಯೇ ತಾಗ್ಲಿಲ್ಲ.”

ಒಬ್ಬರ ಕಾಲು ಮುರಿದ ಮೇಲೂ ಹೀಗೆ ಹೇಳಲು ಬಾಯಾದರೂ ಹೇಗೆ ಬರುತ್ತದೆ ಎಂದು ವಿಠೋಬನ ಹೆಂಡತಿ ಅಳತೊಡಗಿದಳು. ಭಾವನ ಸ್ವಂತ ಹೆಂಡತಿಯೂ ತಲೆ ತಗ್ಗಿಸಿದಳು. ಅವನು ನನ್ನ ಕಡೆ ತಿರುಗಿದ.

“ನೀವ್ ಹೇಳಿ. ಜ್ವರದ ದಿನ ನೀವೇ ಓಡಿಸ್ತಿದ್ರಿ ಅಲ್ವೋ?”

“ನನಗ ಅದೆಲ್ಲಾ ಗೊತ್ತಾಗಂಗಿಲ್ರಿ,” ಎಂದೆ.

ಅವನು ಎದ್ದು ಚಿಂದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಒಂದು ಗಳಿಗೆ ನನ್ನನ್ನೇ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು. ಮರುದಿನ ಟ್ರಂಕಿನಿಂದ ಆ ಕಬ್ಬಿಣವನ್ನು ತೆಗೆದು ಬಂದರಿನ ನೀರಿಗೆ ಹಾಕಿದೆ. ವೆಲ್ಡಿಂಗ್ ಎಲ್ಲಿಯೂ ಬಿಟ್ಟಿರಲಿಲ್ಲ.

ಆಮೇಲಿನ ಚೌತಿಗೆ ವಿಠೋಬನ ತಂಗಿ ಮನೆಗೆ ಬರಲಿಲ್ಲ. ಮುಂದೆಯೂ ಬರಲಿಲ್ಲ. ವಿಠೋಬ ಕುಂಟುತ್ತ, ಬಿಣಗಾದ ತಿರುವಿನಲ್ಲೇ ಕೂತು ಮೀನು ಮಾರತೊಡಗಿದ. ನಾನು ಅದೇ ಮನೆಯಲ್ಲಿ ಉಳಿದೆ, ಅದೇ ಪೇಜ್ ಉಂಡೆ, ಕೊಂಕಣಿ ಕಲಿತೆ. ಅವರು ನನಗಾಗಿ ಮಾತು ಬದಲಿಸುವುದನ್ನು ನಿಲ್ಲಿಸಿದ ದಿನ ಮನಸ್ಸಿಗೆ ಸಂತೋಷವಾಗಬೇಕಿತ್ತು.

ಕಳೆದ ವರ್ಷ ವಿಠೋಬನಿಗೆ ಎಲ್ಲ ಹೇಳಿದೆ. ಇಷ್ಟು ವರ್ಷ ‘ನೀವು’ ಎಂದವನು ಆ ದಿನ ಬಿಟ್ಟುಬಿಟ್ಟ.

“ನನ್ ಕಾಲಿಂದು ನಂಗೆ ಹೇಳ್ದೆ, ಆಯ್ತು. ಅವ್ನದು ಅವ್ನಿಗೇ ಹೋಗಿ ಹೇಳು.”

ಗದಗಕ್ಕೆ ಹೋಗುವ ಬಸ್ಸು ಅಂಕೋಲೆಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಭಾವನ ವೆಲ್ಡಿಂಗ್ ಅಂಗಡಿ ಇದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಿಟಕಿಯಿಂದ ನೋಡುತ್ತೇನೆ. ಅವನು ಇನ್ನೂ ಗಟ್ಟಿಯಾಗಿದ್ದಾನೆ, ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾನೆ. ಗದಗದವರು ನನ್ನನ್ನು ಕಾರವಾರದವನು ಎನ್ನುತ್ತಾರೆ, ಬಿಣಗಾದವರು ಈಗಲೂ ಘಟ್ಟದವನು ಎನ್ನುತ್ತಾರೆ. ಎರಡೂ ಕಡೆ ನಾನು ಒಳ್ಳೆಯವನು. ನಾನು ನಿಜವಾಗಿ ಯಾರು ಎಂದು ಮೊದಲು ತಿಳಿದವನು ನಡುವಿನ ಈ ಊರಿನಲ್ಲಿದ್ದಾನೆ, ಅಲ್ಲಿ ಮಾತ್ರ ನಾನು ಒಮ್ಮೆಯೂ ಬಸ್ಸಿನಿಂದ ಇಳಿದಿಲ್ಲ. ಇಲ್ಲಿಯತನಕ ಅವನನ್ನು ಭಾವ ಎಂದು ಬರೆದೆ. ಅವನು ನನಗೆ ಭಾವನಲ್ಲ, ಹಾಗೆ ಕರೆಯುವ ಹಕ್ಕು ನನಗಿಲ್ಲ. ಅವನ ಹೆಸರು ಬೊಮ್ಮಯ್ಯ.