ಎಲ್ಲಿಗೆ ಎಂದು ಕೇಳದ ಬುದ್ಧಿಯವರು

ಬುದ್ಧಿಯವರ ಎಡಹುಬ್ಬು ಅರ್ಧ ಮಾತ್ರ ಇತ್ತು. ಯಾವುದೋ ವರ್ಷ ಮಠದ ಒಲೆ ಊದಲು ಬಗ್ಗಿದಾಗ ಸುಟ್ಟುಹೋಗಿದ್ದು ಮತ್ತೆ ಬೆಳೆಯಲೇ ಇಲ್ಲ. ಹಣೆತುಂಬ ವಿಭೂತಿ, ಅದರ ಕೆಳಗೆ ಆ ಅರ್ಧ ಹುಬ್ಬು. ಬೈಯುವಾಗಲೂ ಏನೋ ಅಚ್ಚರಿಪಟ್ಟವರ ಹಾಗೆ ಕಾಣುತ್ತಿದ್ದರು. ನಮ್ಮ ಕಡೆ ಸ್ವಾಮಿಗಳನ್ನು ಬುದ್ಧಿ ಎನ್ನುವುದು ವಾಡಿಕೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದ್ದ ಸಣ್ಣ ಮಠ ಅವರದು. ಸ್ವಾಮಿಗಳಾದವರು ಗದ್ದುಗೆಯ ಮೇಲೆ ಕೂತು, ಕಾಲಿಗೆ ಬಿದ್ದವರಿಗೆ ಕಲ್ಲುಸಕ್ಕರೆ ಕೊಡಬೇಕಲ್ಲವೇ? ಇವರು ಕಾವಿ ಎತ್ತಿಕಟ್ಟಿ ದಾಸೋಹದ ಮುದ್ದೆ ತೊಳಸುತ್ತಿದ್ದರು.

ನಾನಾಗ ಅಲ್ಲಿಯ ಆರೋಗ್ಯ ಉಪಕೇಂದ್ರದ ನರ್ಸು. ಎಂಬತ್ತರ ದಶಕದ ನಡುವಿನ ಮಾತು. ಸಿಲೋನಿನಲ್ಲಿ ಗಲಾಟೆ ಹೆಚ್ಚಾಗಿ ತಮಿಳರು ದೋಣಿ ಹತ್ತಿ ಈಚೆ ದಡಕ್ಕೆ ಬರುತ್ತಿದ್ದರು. ನಿರಾಶ್ರಿತರ ಕ್ಯಾಂಪಿನಲ್ಲಿ ಇರಲಾರದವರು, ಕ್ಯಾಂಪೇ ಸೇರದವರು ಕೆಲವರು ಕಲ್ಲಿನ ಕ್ವಾರಿಗಳಲ್ಲಿ ಕೂಲಿ ಸಿಗುತ್ತದೆಂದು ಕೇಳಿ ಬೆಟ್ಟ ದಾಟಿ ನಮ್ಮ ಕಡೆಗೂ ಬಂದರು. ಬುದ್ಧಿಯವರು ಮಠದ ಹಿಂದಿನ ಛತ್ರವನ್ನು ಅವರಿಗೆ ಬಿಟ್ಟುಕೊಟ್ಟರು. ಮುದ್ದೆ ಕಂಡು ಆ ಜನ ಕಕ್ಕಾಬಿಕ್ಕಿ. ಪಾಪ, ಅಗಿದು ಅಗಿದು ದವಡೆ ನೋಯಿಸಿಕೊಳ್ಳುತ್ತಿದ್ದರು. "ಅಗೀಬ್ಯಾಡಿ ಕಣ್ರಪ್ಪ, ವಿಳುಂಗು, ವಿಳುಂಗು" ಎಂದು ಬುದ್ಧಿಯವರು ತಮ್ಮ ಹರಕುಮುರುಕು ತಮಿಳಿನಲ್ಲಿ ಹೇಳಿ, ತಾವೇ ಒಂದು ತುತ್ತು ನುಂಗಿ ತೋರಿಸುತ್ತಿದ್ದರು.

ಮಠದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಉಣ್ಣಲು ಬಂದವರ ಹೆಸರು ಕೇಳಬಾರದು, ಹೊರಟು ನಿಂತವರನ್ನು ಎಲ್ಲಿಗೆ ಎನ್ನಬಾರದು. ಎರಡನೆಯದು ನಮ್ಮ ಮನೆಗಳಲ್ಲೂ ಇದ್ದದ್ದೇ; ಎಲ್ಲಿಗೆ ಅಂದರೆ ಹೊರಟ ಕೆಲಸ ಕೆಡುತ್ತದೆ ಎನ್ನುತ್ತಾರೆ. ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋದ ನಾನು ಒಂದು ಮಗುವಿನ ಹೆಸರು ಕೇಳಿ ಬೈಸಿಕೊಂಡೆ.

"ಎಸ್ರು ಕೇಳುದ್ರೆ ಜಾತಿ ಕೇಳ್ದಂಗೆ ಕಣವ್ವ. ಎದ್ರಿಕಂಡು ಓಡ್ಬಂದವ್ರೆ. ಮೊದ್ಲು ಉಣ್ಲಿ."

"ಉಂಡ್ಮೇಲೆ ಕೇಳ್ಲಾ ಬುದ್ಧಿ?"

"ಉಂಡ್ಮೇಲೆ ಅವ್ರೇ ಏಳ್ತಾರೆ."

ನನಗೆ ರೇಗಿತು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ. ನಾಲ್ಕು ದಿನ ಉಂಡು ಮಲಗಿದ ಮೇಲೆ ಹೆಚ್ಚಿನವರು ತಾವಾಗಿಯೇ ಬಾಯಿ ಬಿಡುತ್ತಿದ್ದರು.

ಒಬ್ಬ ಹೆಂಗಸು ಮಾತ್ರ ಬಾಯಿ ಬಿಡಲಿಲ್ಲ. ಮಳೆ ಹಿಡಿದಿದ್ದ ದಿನಗಳಲ್ಲಿ, ಸುಡುವ ಜ್ವರದಲ್ಲಿ ಬಂದಳು. ಜೊತೆಗೆ ಐದಾರು ವರ್ಷದ ಮಗಳು. ಹುಡುಗಿ ಏನು ಕಂಡಿತ್ತೋ, ಮಾತೇ ಆಡುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುತ್ತಿತ್ತು. ಪಂಕ್ತಿಯಲ್ಲಿ ಯಾರೋ ಆ ಕೈಗೆ ಹೊಡೆಯಹೋದಾಗ ಬುದ್ಧಿಯವರು, "ಯಾವ್ ಕೈಲಾದ್ರೂ ಉಣ್ಲಿ, ಬುಡ್ಲಾ" ಎಂದು ಗದರಿದರು. ಕೊಳ್ಳೇಗಾಲದ ಆಸ್ಪತ್ರೆಗೆ ಹೋಗೋಣವೆಂದು ನಾನು ಎಷ್ಟು ಹೇಳಿದರೂ ತಾಯಿ ಒಪ್ಪಲಿಲ್ಲ. ಅಲ್ಲಿ ಹೆಸರು ಕೇಳುತ್ತಾರೆ, ಪೊಲೀಸರಿಗೆ ಹೇಳುತ್ತಾರೆ ಎಂದು ಕೈಮುಗಿದು ಅತ್ತಳು. ವಾರ ತುಂಬುವ ಮೊದಲೇ ತೀರಿಕೊಂಡಳು. ಮಠದ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಹುಡುಗಿ ಅಷ್ಟರಲ್ಲಿ ಛತ್ರದಲ್ಲಿದ್ದ ವಯಸ್ಸಾದ ಗಂಡಹೆಂಡಿರನ್ನು ಹಚ್ಚಿಕೊಂಡಿತ್ತು. ತಮಿಳುನಾಡಿನಲ್ಲಿ ನಮ್ಮವರಿದ್ದಾರೆ, ಮಗುವನ್ನು ನಾವೇ ಸಾಕಿಕೊಳ್ಳುತ್ತೇವೆ ಎಂದರು ಅವರು. ಬುದ್ಧಿಯವರು ಹೊಸ ಕಂಬಳಿ ಹೊದಿಸಿ, ತಾವೇ ಎತ್ತಿ ಬಸ್ಸಿನ ಕಿಟಕಿಯ ಪಕ್ಕ ಕೂರಿಸಿದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳಬಾರದಲ್ಲ.

ಕಬ್ಬು ಕಡಿಯುವ ಕಾಲಕ್ಕೆ ಒಬ್ಬ ಗಂಡಸು ಬಂದ. ಉಂಡ, ಕೈ ತೊಳೆದ, ಬುದ್ಧಿಯವರು ಹೇಳುತ್ತಿದ್ದಂತೆ ತಾನಾಗಿಯೇ ಬಾಯಿ ಬಿಟ್ಟ. ದೋಣಿ ಇಳಿದ ಗದ್ದಲದಲ್ಲಿ ಹೆಂಡತಿ, ಮಗಳು ಕೈತಪ್ಪಿದ್ದರು. ಬೆಟ್ಟದಾಚೆ ಒಂದು ಮಠಕ್ಕೆ ಹೋದರೆಂದು ಸತ್ಯಮಂಗಲದಲ್ಲಿ ಯಾರೋ ಹೇಳಿದ್ದರು. ಮಗಳ ಹೆಸರು ಸೆಲ್ವಿ, ಎಡಗೈಯಲ್ಲೇ ಉಣ್ಣುತ್ತಾಳೆ ಎಂದ. ಬುದ್ಧಿಯವರು ಸೌಟು ಕೆಳಗಿಟ್ಟರು. ಅವನನ್ನು ಹೊಲಕ್ಕೆ ಕರೆದೊಯ್ದು ಮಣ್ಣಿನ ಗುಡ್ಡೆ ತೋರಿಸಿದರು. ಮಗುವನ್ನು ಬಸ್ಸು ಹತ್ತಿಸಿ ಕಳಿಸಿದೆ ಎಂದರು.

ಎಲ್ಲಿಗೆ ಎಂದು ಅವನು ಕೇಳಿದ. ಆ ಮಠದಲ್ಲಿ ಆ ಮಾತು ಕೇಳಿದ ಮೊದಲಿಗ ಅವನೇ ಇರಬೇಕು.

ಆಮೇಲೆ ಇಬ್ಬರೂ ಸೇರಿ ಹುಡುಕಿದರು. ಕೆಂಪು ಬಸ್ಸು ಹತ್ತಿ ಮೇಟೂರು, ಭವಾನಿಸಾಗರ, ಇನ್ನೂ ಎಲ್ಲೆಲ್ಲೋ. ಕ್ಯಾಂಪುಗಳ ಗೇಟಿನ ಮುಂದೆ ಈ ಅರ್ಧ ಹುಬ್ಬಿನ ಕಾವಿಯವರು ದಿನವಿಡೀ ಕೂತಿರುತ್ತಿದ್ದರು. ಪೂಜೆ ತಪ್ಪುತ್ತಿದೆ ಎಂದು ಹತ್ತಿರದ ಮಧುವನಹಳ್ಳಿಯ ಭಕ್ತರು ಮುನಿಸಿಕೊಂಡರು. "ಸಿವ ಎಲ್ಲಿಗೂ ಓಗಕಿಲ್ಲ ಕಣ್ರಪ್ಪ, ಕೂತಿರ್ತಾನೆ" ಎಂದರು ಬುದ್ಧಿಯವರು. ಹುಡುಗಿ ಸಿಗಲಿಲ್ಲ. ಅವಳು ಎಂದಾದರೂ ಇಲ್ಲಿಗೇ ಬಂದಾಳೆಂದು ಅಪ್ಪ ಮಠದ ಅಡುಗೆಮನೆಯಲ್ಲೇ ಉಳಿದುಕೊಂಡ.

ಬುದ್ಧಿಯವರು ಬೇರೆಯೇ ಮನುಷ್ಯರಾದರು. ಕಂಡಕಂಡವರನ್ನೆಲ್ಲ ಹೆಸರು ಕೇಳುವರು, ಎಲ್ಲಿಗೆ ಎನ್ನುವರು. ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣು ನೋಡಲು ಹೊರಟವರನ್ನು ತಡೆದು, "ಎಲ್ಲಿಗೋಯ್ತಾ ಇದ್ದೀರಿ?" ಎಂದುಬಿಟ್ಟರು. ಹುಡುಗನ ತಾಯಿ, "ಬುದ್ಯೋರಾಗಿ ಇಂಗಾ ಕೇಳದು?" ಎಂದು ಮುಖ ಸಿಂಡರಿಸಿ ಬಸ್ಸು ಬಿಟ್ಟು ಮನೆಗೆ ವಾಪಸಾದಳು. ನನಗೆ ನಾಚಿಕೆಯಾಯಿತು. ಅವರಿಗೆ ಆಗಲಿಲ್ಲ. ಅವರು ಮುಂದಿನ ಬಸ್ಸಿನ ಕಿಟಕಿಗಳನ್ನು ನೋಡುತ್ತಿದ್ದರು.

ಕನ್ನಡ ಕಲಿತ ಮೇಲೆ ಸೆಲ್ವಿಯ ಅಪ್ಪ ಒಂದು ಮಧ್ಯಾಹ್ನ ನನ್ನೆದುರೇ ಅವರಿಗೆ ಹೇಳಿದ: "ನೀವು ಎಸ್ರು ಕೇಳಿದ್ರೆ ನನ್ನೆಂಡ್ತಿ ಒಳಕ್ಕೇ ಬರ್ತಿರ್ಲಿಲ್ಲ ಬುದ್ಧಿ. ರೋಡಲ್ಲೇ ಸಾಯೋಳು."

"ಅವ್ಳ ಎಸ್ರು ಓಗ್ಲಿ ಕಣಪ್ಪ. ಮಗೀನ ದಾರಿ ಕೇಳ್ಬೇಕಾಗಿತ್ತು."

ಎರಡು ಸಾವಿರದ ನಾಲ್ಕರಲ್ಲಿ ಬುದ್ಧಿಯವರು ಹಾಸಿಗೆ ಹಿಡಿದರು. ನಾನಾಗ ಯಳಂದೂರಿನಲ್ಲಿದ್ದೆ, ಸುದ್ದಿ ಕೇಳಿ ಸಿಕ್ಕಿದ ಬಸ್ಸು ಹಿಡಿದು ಬಂದೆ. ಅವರ ನಂತರ ಮಠ ನೋಡಿಕೊಳ್ಳಲು ಬಂದಿದ್ದ ಕಿರಿಯ ಸ್ವಾಮಿಗಳು ಅವರ ಕಿವಿಯ ಹತ್ತಿರ ಶಿವಮಂತ್ರ ಹೇಳುತ್ತ, ಅನ್ನಿ ಬುದ್ಧಿ, ಒಂದ್ಸಲ ಅನ್ನಿ ಎಂದು ಬೇಡಿಕೊಳ್ಳುತ್ತಿದ್ದರು. ನಾನು ನಾಡಿ ಹಿಡಿದುಕೊಂಡಿದ್ದೆ. ಬುದ್ಧಿಯವರು ತುಟಿ ಅಲುಗಿಸಿದರು.

"ಸೆಲ್ವಿ ಉಂಡ್ಲಾ?"

ಕಿರಿಯ ಸ್ವಾಮಿಗಳು ಮಂತ್ರವನ್ನು ಇನ್ನಷ್ಟು ಜೋರು ಮಾಡಿದರು. ಸೆಲ್ವಿಯ ಅಪ್ಪ ಬಾಗಿಲ ಬಳಿಯಿಂದ ಎದ್ದು ಬಂದು ಹಾಸಿಗೆಯ ಪಕ್ಕ ಕೂತ.

"ಉಂಡ್ಲು ಬುದ್ಧಿ. ಈಗ ತಾನೆ ಉಂಡು ಮಲೀಕಂಡ್ಲು."

"ಎಲ್ಲಿ?"

"ಇಲ್ಲೇ ಬುದ್ಧಿ."

ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ನಾಡಿ ಸಿಗದಾಯಿತು. ಬುದ್ಧಿಯವರು ಶಿವನಾಮ ನುಡಿಯುತ್ತಲೇ ಲಿಂಗೈಕ್ಯರಾದರೆಂದು ಕಿರಿಯ ಸ್ವಾಮಿಗಳು ಹೊರಗೆ ಸೇರಿದ್ದ ಜನಕ್ಕೆ ಹೇಳಿದರು. ನಾವಿಬ್ಬರೂ ಎದುರಾಡಲಿಲ್ಲ. ಸೆಲ್ವಿಯ ಅಪ್ಪ ಗೋಡೆಯ ಕಡೆ ತಿರುಗಿ ಕೂತ. ಅಷ್ಟು ವರ್ಷ ನಮ್ಮೆದುರು ಒಂದು ಹನಿ ಕಣ್ಣೀರು ಹಾಕದಿದ್ದವನು ಅಂದು ಮಗಳ ಹೆಸರು ಹಿಡಿದು ಅತ್ತ.