ಕರಗಿದ ರೋಬೋಟ್ ಎದ್ದು ಬಂದಾಗ

“ಹಮೀದಾಕ, ನೀವು ತಪ್ಪು ಸಿಡಿ ಕೊಟ್ಟಿದ್ದೀರಿ” ಎಂದು ಮೂಡುಬಿದಿರೆಯಲ್ಲಿ ಅವರ ಸಿಡಿ ಅಂಗಡಿಯ ಮೇಜಿನ ಮೇಲೆ ರೋಬೋಟ್ ಸಿನಿಮಾದ ನಾಲ್ಕನೇ ಭಾಗವನ್ನು ಕುಕ್ಕಿದೆ. ಮೂರನೇ ಭಾಗದಲ್ಲಿ ಕುಲುಮೆಗೆ ಬಿದ್ದು ಕರಗಿದ ರೋಬೋಟ್ ಇದರಲ್ಲಿ ಹೊಸತಾಗಿ ನಡೆಯಲು ಕಲಿಯುತ್ತಿತ್ತು. ಸಿನಿಮಾದ ಮನೆಗಳಲ್ಲೆಲ್ಲ ಹಳೇ ರೇಡಿಯೊ, ಬೆರಳು ಹಾಕಿ ತಿರುಗಿಸುವ ಫೋನು.

ಹಮೀದಾಕ ತಲೆ ಎತ್ತಲಿಲ್ಲ. “ಇದು ಅದಕ್ಕಿಂತ ಮೊದಲಿನ ಕಥೆ ಮಾರಾಯ. ನಿನ್ನೆ ಉಜಿರೆಯ ಯಕ್ಷಗಾನದಲ್ಲಿ ಸತ್ತ ಮಹಿಷಾಸುರ ಇವತ್ತು ವೇಣೂರಿನಲ್ಲಿ ಬರುವುದಿಲ್ವಾ?”

ಸಿಡಿಯನ್ನು ಮನೆಗೆ ಒಯ್ದು ಪುನಃ ನೋಡಿದೆ. ಮೂರನೇ ಭಾಗಕ್ಕೆ ಆಕಳಿಸಿದವನು ನಾನು. ರೋಬೋಟ್ ಕರಗಿದಾಗಲೂ ಏನೂ ಅನ್ನಿಸಿರಲಿಲ್ಲ.

ಈಗ ಅದು ಎರಡು ಹೆಜ್ಜೆ ನಡೆದು, ಬಿದ್ದು, ನಗುತ್ತಿತ್ತು. ಮುಂದೆ ಕುಲುಮೆ ಇರುವುದು ನನಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ತಗಡಿನ ಗೊಂಬೆಯೊಂದಕ್ಕೆ ನನ್ನ ಕಣ್ಣೇಕೆ ತುಂಬಿತೋ, ಇವತ್ತಿಗೂ ತಿಳಿದಿಲ್ಲ.