ಅಪ್ಪನ ಟೊಂಕ, ವೈನಿಯ ಕಾಲು

ನಾನು ನಿಂತದ್ದು ಇಚಲಕರಂಜಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು. ಎರಡನೆಯ ದೊಡ್ಡ ಯುದ್ಧ ಮುಗಿದ ವರ್ಷದ ಮಳೆಗಾಲ, ಮಧ್ಯಾಹ್ನದ ಊಟ ಮುಗಿದಿತ್ತು. ಅಪ್ಪ ನನ್ನಿಂದ ಎರಡು ಮಾರು ದೂರದಲ್ಲಿ, ತಗ್ಗಿನ ಮಂಚಕ್ಕೆ ಹಾಸಿದ ಹಲಗೆಯ ಮೇಲೆ ಬೋರಲಾಗಿ ಮಲಗಿದ್ದ. ನಡುವೆ ಏನೂ ಅಡ್ಡ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಆಮೇಲೆ ಊರಲ್ಲಿ ಹಬ್ಬಿದ ಸುದ್ದಿಯೇ ಬೇರೆ.

ಬೇಸಿಗೆಯಲ್ಲಿ ಅಪ್ಪ ನಮ್ಮ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತಿದ ಬೀಮು ಎತ್ತಲು ಹೋಗಿ ಟೊಂಕ ಹಿಡಿಸಿಕೊಂಡಿದ್ದ. ನೋವು ಎಡತೊಡೆಗಿಳಿದು ಹೆಬ್ಬೆರಳವರೆಗೆ ಮಿಂಚಿನ ಹಾಗೆ ಓಡುತ್ತಿತ್ತು. ಬೆನ್ನಿನ ಮಣಿಗಳ ನಡುವಿನ ಮೆತ್ತೆ ಹೊರಗೆ ಸರಿದು ನರವನ್ನು ಒತ್ತುತ್ತಿದೆ ಎಂದು ಕೊಲ್ಲಾಪುರದ ಡಾಕ್ಟರು ಹಲಗೆಯ ಮೇಲೆ ಮಲಗಿಸಿದರು. ತಿಕ್ಕಿಸಬಾರದು, ತುಳಿಸಬಾರದು. ಏಳುವ ರೀತಿಯನ್ನೂ ತೋರಿಸಿದ್ದರು: ಮೊದಲು ಮಗ್ಗುಲಾಗಬೇಕು, ಕಾಲು ಕೆಳಗಿಳಿಸಬೇಕು, ಆಮೇಲೆ ಕೈಯೂರಿ ಮೈ ಎತ್ತಬೇಕು.

ನೋವು ಇಳಿದಿತ್ತು. ಡಾಕ್ಟರು "ಇನ್ನ ಅಡ್ಡಾಡ್ರಿ" ಎಂದೂ ಹೇಳಿದ್ದರು. ಆದರೆ ಆ ಮಿಂಚು ಮತ್ತೆ ಹೊಡೆದೀತೆಂಬ ಹೆದರಿಕೆಗೆ ಅಪ್ಪ, ಇಬ್ಬರು ಎತ್ತಿ ಹಿಡಿಯದೆ ಮಂಚ ಬಿಡುತ್ತಿರಲಿಲ್ಲ. ಇನ್ನು ನಡೆಯುವುದೇ ಇಲ್ಲವೇನೋ ಎಂಬ ಹೆದರಿಕೆ ನಮ್ಮದು.

ಆಗ ಗಡಹಿಂಗ್ಲಜದಿಂದ ಅಪ್ಪನ ಅಕ್ಕ, ನಮ್ಮ ಅತ್ತಿ, ಬಂದಳು. ಬಂದವಳೇ ನನ್ನ ಅಣ್ಣನ ಹೆಂಡತಿಯನ್ನು, ನಮ್ಮ ವೈನಿಯನ್ನು, ಕರೆದಳು. ವೈನಿ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ; ಅವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಂಬಿಕೆ. ಆದರೆ ವೈನಿ ಮಾವನ ಎದುರು ತಲೆಯ ಮೇಲಿನ ಸೆರಗನ್ನೂ ಜಾರಗೊಟ್ಟವಳಲ್ಲ.

"ಮನ್ಯಾಗ ಔಷಧ ಇಟಗೊಂಡು ಕೊಲ್ಲಾಪುರಕ್ಕ ಯಾಕ ಹೋಗಿದ್ರೋ?" ಎಂದಳು ಅತ್ತಿ. "ಬಾರವ್ವಾ, ಒಂದು ಒದಿ."

"ಅಯ್ಯ, ಮಾವನವರಿಗೇನ್ರಿ? ನನ್ನ ಕೈಲೆ ಆಗೂದಿಲ್ರಿ."

"ಕೈ ಯಾರು ಕೇಳ್ಯಾರ? ಕಾಲಿಲೆ ಮಾಡು."

ಅಪ್ಪನನ್ನು ಎತ್ತಲು ಪಕ್ಕದ ಶಹಾಪುರದಿಂದ ಬಂದಿದ್ದ ನಮ್ಮ ನೇಕಾರ ಮಂಚದ ಕಾಲಬದಿಗೆ ನಿಂತಿದ್ದ. "ಮೆಲ್ಲಕ ಒದೀರಿ ವೈನಿಯವರ, ಮಾಲಕರು ಸೀದಾ ಶೆಡ್ಡಿನಾಗ ಹೋಗಿ ಬಿದ್ದಾರು" ಎಂದ.

"ಅಕ್ಕಾ, ಡಾಕ್ಟರು ಬ್ಯಾಡಂದಾರ" ಎಂದ ಅಪ್ಪ, ದಿಂಬಿನಲ್ಲಿ ಮುಖವಿಟ್ಟೇ.

"ಅಂವೇನು ಪಾಯಾಳು ಅದಾನೇನು?"

ನನಗೆ ನಗು ಬರಲಿಲ್ಲ. ಆ ನರಕ್ಕೆ ಒಂದು ಪೆಟ್ಟು ಬಿದ್ದರೆ ಏನಾದೀತೆಂಬ ಹೆದರಿಕೆ. ವೈನಿ ಮೊದಲು ಅಪ್ಪನ ಪಾದ ಮುಟ್ಟಿ ನಮಸ್ಕರಿಸಿದಳು. ಅತ್ತಿಯ ಹೆಗಲು ಹಿಡಿದಳು. ಕಣ್ಣು ಮುಚ್ಚಿ ಬಲಗಾಲು ಎತ್ತಿದಳು. ಕಾಲ್ಗೆಜ್ಜೆ ಝಲ್ಲೆಂದಿತು.

"ಏ ಯವ್ವಾ, ಬ್ಯಾಡ! ನಾನ ಏಳ್ತೇನಿ!"

ಅಪ್ಪ ಮಗ್ಗುಲಾದ, ಕಾಲು ಇಳಿಸಿದ, ಕೈಯೂರಿ ಎದ್ದು ನಿಂತ. ಡಾಕ್ಟರು ತೋರಿಸಿದ ಹಾಗೆಯೇ, ಎಲ್ಲೂ ತಪ್ಪದೆ. ಗೋಡೆಯವರೆಗೆ ನಡೆದ, ತಿರುಗಿದ, ತನ್ನ ಎಡಗಾಲನ್ನು ನೋಡಿಕೊಂಡ.

"ಮಿಂಚು ಹೊಡೀಲಿಲ್ಲಲ್ಲೋ!" ಎಂದ.

ವೈನಿ ಇನ್ನೂ ಒಂಟಿಕಾಲಿನಲ್ಲೇ ನಿಂತಿದ್ದಳು. "ತಾಗಿತೇನ್ರಿ?" ಎಂದು ಕೇಳಿದಳು. ನೇಕಾರ ನಗುತ್ತ ನೆಲಕ್ಕೆ ಕೂತುಬಿಟ್ಟ. ನನಗೂ ಆಗ ನಗು ಬಂತು.

ತಾಗಿರಲಿಲ್ಲ. ಕಾಲಿಗೂ ಟೊಂಕಕ್ಕೂ ನಡುವೆ ಗೇಣಷ್ಟು ಜಾಗ ಇತ್ತು. ಅಂದು ಸಂಜೆ ಅಪ್ಪ ಯಾರ ಆಸರೆಯೂ ಇಲ್ಲದೆ ಶೆಡ್ಡಿಗೆ ಹೋಗಿಬಂದ. ಬೀಮು ಮಾತ್ರ ಮುಟ್ಟಲಿಲ್ಲ. ಅತ್ತಿ ಊರಿಗೆ ಮರಳುವ ದಾರಿಯುದ್ದಕ್ಕೂ ವೈನಿಯ ಒದೆತದ ಸುದ್ದಿ ಹೇಳುತ್ತ ಹೋದಳು. ನಾಂದಣಿಯಂಥ ಊರುಗಳಿಂದಲೂ ಟೊಂಕ ಹಿಡಿದವರು ನಮ್ಮ ಬಾಗಿಲಿಗೆ ಬರತೊಡಗಿದರು. ವೈನಿ ಯಾರನ್ನೂ ಒದೆಯಲಿಲ್ಲ. ಮಗ್ಗುಲಾಗಿ ಏಳುವುದನ್ನು ತೋರಿಸಿ ಕಳಿಸುತ್ತಿದ್ದಳು.

ಅಪ್ಪ, ಅತ್ತಿ ಈಗಿಲ್ಲ. ಅಂದು ಅಲ್ಲಿದ್ದವರಲ್ಲಿ ವೈನಿ ಇದ್ದಾಳೆ, ಆದರೆ ಅವಳು ಕಣ್ಣು ಮುಚ್ಚಿದ್ದಳು. ಕಣ್ಣು ಬಿಟ್ಟು ನೋಡಿದವನು, ನನ್ನನ್ನು ಬಿಟ್ಟರೆ, ಶಹಾಪುರದ ಆ ನೇಕಾರ. ಅವನೂ ಇದ್ದಾನೆ; ನನ್ನ ಮಾತು ನಂಬದವರು ಅವನನ್ನು ಕೇಳಬಹುದು.